ಚೇಳಿನ ವಿಷಕ್ಕೆ ಕೋಟಿ ಬೆಲೆಯಂತೆ, ನಮ್ಮೂರ ಆಸ್ಪತ್ರೆಯಲ್ಲಿ ಆ ಅಗ್ಗದ ಮಾತ್ರೆ ಇದೆಯಾ?

ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಸತ್ತು ಸತ್ತು ಮತ್ತೆ ಹುಟ್ಟುತ್ತಿರುತ್ತದೆ. ಚೇಳಿನ ವಿಷ ಜಗತ್ತಿನಲ್ಲೇ ದುಬಾರಿ ದ್ರವವಂತೆ, ಒಂದು ಲೀಟರಿಗೆ ಕೋಟಿಗಟ್ಟಲೆಯಂತೆ, ಕ್ಯಾನ್ಸರಿಗೆ ಔಷಧಿಯಂತೆ. ಜೊತೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತ ಚೇಳಿನ ಒಂದು ಫೋಟೊ. ಓದಿದವರು ತಮ್ಮ ಹೊಲದ ಬದುವಿನ ಕಲ್ಲು ಎತ್ತಿ ನೋಡುವ ಹಾಗಿರುತ್ತದೆ ಆ ಬರಹ.

ಇದರಲ್ಲಿ ಅರ್ಧ ನಿಜವಿದೆ. ಚೇಳಿನ ವಿಷದಿಂದ ಔಷಧಿ ಹುಡುಕುವ ಕೆಲಸ ನಡೆಯುತ್ತಿರುವುದು ಹೌದು, ಪ್ರಯೋಗಾಲಯಗಳಲ್ಲಿ ಅದಕ್ಕೆ ಬೆಲೆ ಇರುವುದೂ ಹೌದು. ಆದರೆ ಒಂದು ಚೇಳು ಒಂದು ಸಲಕ್ಕೆ ಬಿಡುವ ವಿಷ ಒಂದೆರಡು ಮಿಲಿಗ್ರಾಂ ಮೀರುವುದಿಲ್ಲ. ಒಂದು ಲೀಟರ್ ತುಂಬಿಸಲು ಲಕ್ಷಗಟ್ಟಲೆ ಸಲ ಹಿಂಡಬೇಕು. ವಿಷ ಕೊಳ್ಳುವ ಪ್ರಯೋಗಾಲಯಗಳು ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ, ಯಾವ ಜಾತಿ, ಎಲ್ಲಿಂದ ಬಂತು ಎಂಬ ಕಾಗದಪತ್ರ ನೋಡಿ ಕೊಳ್ಳುತ್ತವೆ. ಊರಿಗೆ ಕಾರು ತಂದು ಡಬ್ಬಿಯ ಚೇಳು ಕೇಳುವವನು ವಿಜ್ಞಾನಿ ಅಲ್ಲ. ಇಮ್ಮಂಡೆ ಹಾವಿನ ವ್ಯಾಪಾರದಲ್ಲಿ ಹಣ ಕಳೆದುಕೊಂಡವರ ಕಥೆ ನಮ್ಮ ರಾಜ್ಯದಲ್ಲಿ ಯಾರಿಗೆ ಗೊತ್ತಿಲ್ಲ?

ನಮ್ಮ ತಕರಾರು ಬೆಲೆಯ ಬಗ್ಗೆ ಅಲ್ಲ. ಚೇಳಿನ ಬಗ್ಗೆ ಊರಲ್ಲಿ ಇಷ್ಟು ಮಾತಾಡುತ್ತೇವೆ, ಆದರೆ ಅದು ಕುಟುಕಿದಾಗ ಜೀವ ಉಳಿಸುವ ಮಾತ್ರೆಯ ಹೆಸರನ್ನು ಒಂದು ಫಾರ್ವರ್ಡ್ ಮೆಸೇಜಿನಲ್ಲೂ ಕಾಣುವುದಿಲ್ಲ. ಆ ಮಾತ್ರೆಯ ಹೆಸರು ಪ್ರಜೋಸಿನ್. ಬೆಲೆ ಕೆಲವೇ ರೂಪಾಯಿ. ಅದು ಚೇಳಿನ ವಿಷಕ್ಕೆ ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಯಾವುದೋ ದೊಡ್ಡ ದೇಶದವರಲ್ಲ, ನಮ್ಮ ಪಕ್ಕದ ಮಹಾರಾಷ್ಟ್ರದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಅಲ್ಲಿಗೆ ಬರುವ ಮೊದಲು ವಿಷ ಅಂದರೆ ಏನು ಎಂದು ನೋಡೋಣ. ಅದು ಗೊತ್ತಾದರೆ ಮಾತ್ರೆ ಯಾಕೆ ಬೇಕು, ಬೇರು ತೇಯ್ದರೆ ಯಾಕೆ ಸಾಲದು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಚೇಳಿನ ಗುರುತು. ನಮ್ಮ ಕಡೆ ಮುಖ್ಯವಾಗಿ ಎರಡು ಬಗೆ ಕಾಣುತ್ತೇವೆ. ಒಂದು ದೊಡ್ಡ ಕರಿ ಚೇಳು. ಏಡಿಯ ಹಾಗೆ ದಪ್ಪ ದಪ್ಪ ಇಕ್ಕಳ, ನೋಡಿದರೇ ಎದೆ ಝಲ್ಲೆನ್ನುತ್ತದೆ. ಕುಟುಕಿದರೆ ಉರಿ, ಬಾವು ಇರುತ್ತದೆ, ಆದರೆ ಜೀವ ತೆಗೆಯುವುದು ತೀರಾ ಅಪರೂಪ. ಇನ್ನೊಂದು ಎರಡು ಮೂರು ಅಂಗುಲದ ಕೆಂಪು ಚೇಳು. ಇಕ್ಕಳ ಸಣಕಲು, ಬಾಲ ಮಾತ್ರ ದಪ್ಪ. ನೋಡಿದರೆ ಇದೇನು ಮಾಡೀತು ಅನ್ನಿಸುತ್ತದೆ. ಕೊಲ್ಲುವುದು ಇದೇ. ಇಕ್ಕಳ ದಪ್ಪ ಇದ್ದದ್ದು ಬೇಟೆಯನ್ನು ಹಿಸುಕಿ ಕೊಲ್ಲುತ್ತದೆ, ಅದಕ್ಕೆ ಜೋರು ವಿಷದ ಅಗತ್ಯ ಕಡಿಮೆ. ಇಕ್ಕಳ ಸಣ್ಣದಿದ್ದದ್ದು ಬಾಲವನ್ನೇ ನಂಬಿಕೊಂಡಿರುತ್ತದೆ. ಮಕ್ಕಳಿಗೆ ಹೇಳಿಕೊಡಲು ಸುಲಭದ ಲೆಕ್ಕ ಇದು. ಆದರೆ ಕುಟುಕಿದ ಮೇಲೆ ಚೇಳು ಹುಡುಕುತ್ತಾ ಕೂರಬೇಡಿ, ಕತ್ತಲಲ್ಲಿ ಕೆಂಪೋ ಕಪ್ಪೋ ಗೊತ್ತಾಗುವುದಿಲ್ಲ.

ಕೊಂಕಣ ಪಟ್ಟಿ, ಪಶ್ಚಿಮ ಮಹಾರಾಷ್ಟ್ರ, ನಮ್ಮ ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡು, ಸೌರಾಷ್ಟ್ರ, ಇವೆಲ್ಲ ಕೆಂಪು ಚೇಳಿನ ಸೀಮೆ. ಕಲ್ಲಿನ ಸಂದಿ, ಕಟ್ಟಿಗೆ ರಾಶಿ, ಕುಳ್ಳಿನ ಒಟ್ಟಿಲು, ಹಂಚಿನ ಅಡಿ, ಮೇವಿನ ಬಣವೆ ಅದರ ಮನೆ. ಬಣವೆ ಹಿರಿಯುವವರು, ಇಟ್ಟಿಗೆ ಹೊರುವವರು, ನೆಲದ ಮೇಲೆ ಮಲಗುವವರು, ಅಂದರೆ ಕೈ ಬಿಚ್ಚಿ ದುಡಿಯುವವರೇ ಅದಕ್ಕೆ ಸಿಗುವುದು. ಬಂಗಲೆಯವರನ್ನು ಕುಟುಕುವ ಪ್ರಾಣಿ ಇದಲ್ಲ. ಈ ಸಂಗತಿಗೂ, ಇದರ ಔಷಧಿಯ ಬಗ್ಗೆ ಇರುವ ಉದಾಸೀನಕ್ಕೂ ಸಂಬಂಧ ಇದೆ ಎಂಬುದು ನಮ್ಮ ಅನುಮಾನ.

ಇನ್ನು ವಿಷ. ಅದು ಒಂದೇ ಪದಾರ್ಥ ಅಲ್ಲ, ಹಲವು ವಸ್ತುಗಳ ಕಲಸುಮೇಲೋಗರ. ನೀರು, ಲವಣ, ಲೋಳೆಯಂಥ ಅಂಶ ಇರುತ್ತವೆ. ಸೆರೊಟೋನಿನ್, ಹಿಸ್ಟಮಿನ್ ಎಂಬ ವಸ್ತುಗಳಿರುತ್ತವೆ. ಕುಟುಕಿದ ಜಾಗದ ಉರಿ, ನೋವಿನಲ್ಲಿ ಇವುಗಳದೂ ಪಾಲಿದೆ. ಹಯಲುರೊನಿಡೇಸ್ ಎಂಬ ಕಿಣ್ವ ಇರುತ್ತದೆ. ಚರ್ಮದ ಕೆಳಗೆ ಜೀವಕೋಶಗಳನ್ನು ಹಿಡಿದಿಟ್ಟ ಗಾರೆಯಂಥ ಪದಾರ್ಥವನ್ನು ಅದು ಸಡಿಲ ಮಾಡಿ, ವಿಷ ಬೇಗ ಒಳಗೆ ಹರಡಲು ದಾರಿ ಮಾಡಿಕೊಡುತ್ತದೆ. ಕುಟುಕಿದ ಜಾಗ ಕೊಯ್ದು ಬಾಯಿಂದ ಹೀರಿ ವಿಷ ತೆಗೆಯುತ್ತೇನೆ ಅನ್ನುವುದು ನಡೆಯದ ಮಾತು. ಗಾಯ ದೊಡ್ಡದಾಗುತ್ತದೆ, ಅಷ್ಟೇ.

ನಿಜವಾದ ಆಟ ಆಡುವುದು ಪುಟ್ಟ ಪುಟ್ಟ ಪ್ರೋಟೀನುಗಳು. ನಮ್ಮ ನರಗಳ ಮೈಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಸೋಡಿಯಂ ಒಳಗೆ ಬರಲು ಒಂದು, ಪೊಟ್ಯಾಸಿಯಂ ಹೊರಗೆ ಹೋಗಲು ಒಂದು. ಇವು ತೆರೆದು ಮುಚ್ಚಿದರೇ ನರದಲ್ಲಿ ಸುದ್ದಿ ಹರಿಯುವುದು. 60-70 ಅಮೈನೊ ಆಮ್ಲಗಳ ಉದ್ದನೆಯ ವಿಷಗಳು ಸೋಡಿಯಂ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. 30-40ರ ಗಿಡ್ಡ ವಿಷಗಳು ಪೊಟ್ಯಾಸಿಯಂ ಬಾಗಿಲನ್ನು ತೆರೆಯಲು ಬಿಡುವುದಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಗುಂಡಿ ಒಳಗೇ ಸಿಕ್ಕಿಕೊಂಡು ಮೋಟರ್ ನಿಲ್ಲದೆ ಓಡಿದರೆ ಹೇಗಿರುತ್ತದೆಯೋ ಹಾಗೆ, ನರಗಳು ಬಿಡುವಿಲ್ಲದೆ ಸುದ್ದಿ ಕಳಿಸತೊಡಗುತ್ತವೆ.

ಆಗ ಮೈಯಲ್ಲಿ ಎರಡು ಅಲೆ ಏಳುತ್ತವೆ. ಮೊದಲ ಅಲೆಯಲ್ಲಿ ವಾಂತಿ, ಮೈತುಂಬ ಧಾರಾಕಾರ ಬೆವರು, ಬಾಯಲ್ಲಿ ಜೊಲ್ಲು. ಗಂಡುಮಕ್ಕಳಲ್ಲಿ ಶಿಶ್ನ ನಿಮಿರಿಕೊಂಡೇ ಇರುವುದೂ ಒಂದು ಲಕ್ಷಣ. ಹೇಳಿಕೊಳ್ಳಲು ಮನೆಯವರು ನಾಚುತ್ತಾರೆ, ಆದರೆ ವೈದ್ಯರಿಗೆ ಇದು ಬಹಳ ಮುಖ್ಯವಾದ ಸುಳಿವು. ಮುಚ್ಚಿಡಬೇಡಿ.

ಎರಡನೇ ಅಲೆ ಅಡ್ರಿನಲಿನ್ ಮತ್ತು ಅದರ ಬಳಗದ್ದು. ಹುಲಿ ಎದುರು ಬಂದಾಗ ಮೈಯಲ್ಲಿ ಏಳುವ ಆವೇಶ ಗಂಟೆಗಟ್ಟಲೆ ಇಳಿಯದೆ ನಿಂತರೆ ಹೇಗೆ? ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಕೈಕಾಲು ತಣ್ಣಗಾಗುತ್ತವೆ, ಬಿಪಿ ಏರುತ್ತದೆ, ಎದೆ ಓಡುತ್ತದೆ. ನೀರು ಹಾಯಿಸುವ ಪೈಪನ್ನು ಯಾರೋ ಕಾಲಲ್ಲಿ ಮೆಟ್ಟಿ ನಿಂತಿದ್ದಾರೆ, ಹಿಂದೆ ಪಂಪು ಓಡುತ್ತಲೇ ಇದೆ ಎಂದುಕೊಳ್ಳಿ. ಪಂಪಿನ ಜಾಗದಲ್ಲಿರುವುದು ಹೃದಯ. ಅದು ಸೋಲುತ್ತಾ ಬಂದ ಹಾಗೆ ಹಿಂದಕ್ಕೆ ಒತ್ತಡ ಬಿದ್ದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಮ್ಮು, ಏದುಸಿರು, ಬಾಯಲ್ಲಿ ನೊರೆ. ಕೆಂಪು ಚೇಳಿನಿಂದ ಸಾಯುವವರು ಹೆಚ್ಚಾಗಿ ಸಾಯುವುದು ಹೀಗೆ. ಮಕ್ಕಳಿಗೆ ಅಪಾಯ ಜಾಸ್ತಿ, ಯಾಕೆಂದರೆ ದೊಡ್ಡವರ ಮೈಗೆ ಹಂಚಿಹೋಗುವಷ್ಟೇ ವಿಷ ಹತ್ತು ಹನ್ನೆರಡು ಕೆಜಿಯ ಮೈಗೆ ಬಿದ್ದಿರುತ್ತದೆ.

ಕುಟುಕಿದ ಜಾಗದಲ್ಲಿ ನೋವು ಹೆಚ್ಚಿದ್ದರೆ ವಿಷ ಹೆಚ್ಚು, ನೋವು ಕಡಿಮೆ ಇದ್ದರೆ ಭಯವಿಲ್ಲ ಎಂಬುದು ಊರಿನ ಲೆಕ್ಕ. ಅದು ತಪ್ಪು ಲೆಕ್ಕ. ನೋವಿನಿಂದ ಕಿರುಚಾಡುತ್ತಿರುವವರು ಎಷ್ಟೋ ಸಲ ಕ್ಷೇಮವಾಗಿಯೇ ಮನೆಗೆ ಬರುತ್ತಾರೆ. ಹೆಚ್ಚು ನೋವೆನ್ನದೆ, ಆದರೆ ಬೆವರಿ ತೊಪ್ಪೆಯಾಗಿ, ಎರಡು ಸಲ ವಾಂತಿ ಮಾಡಿ, ಕೈಕಾಲು ತಣ್ಣಗಾಗಿ ಸುಮ್ಮನೆ ಮಲಗಿದ ಮಗು ಇದೆಯಲ್ಲ, ಓಡಬೇಕಾದದ್ದು ಅದನ್ನು ಎತ್ತಿಕೊಂಡು.

ಈಗ ಆ ವೈದ್ಯರ ವಿಷಯ. ಹಿಮ್ಮತರಾವ್ ಬಾವಸ್ಕರ್ ಮರಾಠವಾಡದ ಹಳ್ಳಿಯಿಂದ ಬಂದು ವೈದ್ಯಕೀಯ ಓದಿದವರು. 1976ರಲ್ಲಿ ಅವರಿಗೆ ರಾಯಗಡ ಜಿಲ್ಲೆಯ ಮಹಾಡ್ ಹತ್ತಿರದ ಬಿರವಾಡಿ ಎಂಬಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ. ಕೊಂಕಣದ ಆ ಸೀಮೆಯಲ್ಲಿ ಕೆಂಪು ಚೇಳು ಕುಟುಕಿಸಿಕೊಂಡವರು ಸಾಲುಗಟ್ಟಿ ಬರುತ್ತಿದ್ದರು, ಕಣ್ಣೆದುರೇ ಸಾಯುತ್ತಿದ್ದರು. ಪಠ್ಯಪುಸ್ತಕದಲ್ಲಿ ಇದಕ್ಕೆ ದಾರಿ ಇರಲಿಲ್ಲ. ಅವರು ಮಾಡಿದ್ದು ಇಷ್ಟು: ರೋಗಿಯ ಪಕ್ಕದಲ್ಲೇ ಕೂತು ಗಂಟೆ ಗಂಟೆಗೆ ಏನಾಗುತ್ತಿದೆ ಎಂದು ಬರೆದಿಟ್ಟರು. ಯಾವ ಲಕ್ಷಣ ಮೊದಲು, ಯಾವುದು ಆಮೇಲೆ, ಯಾರು ಉಳಿದರು, ಯಾರು ಹೋದರು. 1982ರಲ್ಲಿ ಆ ಗಮನಿಕೆಗಳು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದವು.

ಆಮೇಲೆ ಅವರಿಗೆ ಹೊಳೆದದ್ದು ಪ್ರಜೋಸಿನ್. ಅದು 70ರ ದಶಕದಲ್ಲಿ ಬಿಪಿ ಇಳಿಸಲು ಬಂದ ಮಾತ್ರೆ. ಬಿಗಿದ ರಕ್ತನಾಳವನ್ನು ಸಡಿಲಿಸುವುದೇ ಅದರ ಕೆಲಸ. ಪೈಪಿನ ಮೇಲಿನ ಕಾಲನ್ನು ಎತ್ತಿಸುವುದು ಅಂತಾರಲ್ಲ, ಅದೇ. 1986ರಲ್ಲಿ ಬಾವಸ್ಕರ್ ಮತ್ತು ಅವರ ಪತ್ನಿ ಡಾ. ಪ್ರಮೋದಿನಿ ಬಾವಸ್ಕರ್ ಇದರ ಫಲವನ್ನು ಮತ್ತೆ ಲ್ಯಾನ್ಸೆಟ್‌ನಲ್ಲಿ ಬರೆದರು. ಪಶ್ಚಿಮ ಭಾರತದಲ್ಲಿ ಅದಕ್ಕೂ ಮೊದಲು ಗಂಭೀರ ಲಕ್ಷಣಗಳೊಂದಿಗೆ ಬಂದವರಲ್ಲಿ ನೂರಕ್ಕೆ 25-30 ಮಂದಿ ಸಾಯುತ್ತಿದ್ದರು. ಪ್ರಜೋಸಿನ್ ಬಂದ ಮೇಲೆ ಅದು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಹೊಸ ಯಂತ್ರ ಇಲ್ಲ, ಹೊಸ ಕಟ್ಟಡ ಇಲ್ಲ. ಆಗಲೇ ಅಂಗಡಿಯಲ್ಲಿ ಇದ್ದ ಒಂದು ಮಾತ್ರೆ, ಮತ್ತು ರೋಗಿಯನ್ನು ಬಿಟ್ಟು ಏಳದ ಒಬ್ಬ ವೈದ್ಯ. 2022ರಲ್ಲಿ ಬಾವಸ್ಕರರಿಗೆ ಪದ್ಮಶ್ರೀ ಬಂತು. ನಮ್ಮ ಶಾಲಾ ಪುಸ್ತಕದಲ್ಲಿ ಇವರ ಮೇಲೊಂದು ಪಾಠ ಇರಬೇಕಿತ್ತು ಎಂದು ನಮಗೆ ಬಲವಾಗಿ ಅನ್ನಿಸುತ್ತದೆ.

ಚೇಳಿಗೇ ಬೇರೆ ಪ್ರತಿವಿಷವೂ ಇದೆ, ಮುಂಬೈಯ ಹಾಫ್ಕಿನ್ ಸಂಸ್ಥೆ ತಯಾರಿಸಿದ್ದು. 2011ರಲ್ಲಿ ಬಾವಸ್ಕರ್ ದಂಪತಿ ಮಹಾಡ್‌ನಲ್ಲಿ 70 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ವರದಿ ಪ್ರಕಟವಾಯಿತು. ಬರೀ ಪ್ರಜೋಸಿನ್ ಪಡೆದ 35 ಜನರಲ್ಲಿ ಹತ್ತು ಗಂಟೆಯೊಳಗೆ ಚೇತರಿಸಿಕೊಂಡವರು 8. ಪ್ರಜೋಸಿನ್ ಜೊತೆಗೆ ಪ್ರತಿವಿಷವನ್ನೂ ಪಡೆದ 35ರಲ್ಲಿ 32. ಅಂದರೆ ಎರಡೂ ಸಿಕ್ಕರೆ ಒಳ್ಳೆಯದು. ಆದರೆ ಪ್ರತಿವಿಷ ಎಲ್ಲ ಕಡೆ ಸಿಗುವ ವಸ್ತುವಲ್ಲ, ಫ್ರಿಜ್ ಬೇಕು, ಪೂರೈಕೆ ಬೇಕು. ಮಾತ್ರೆಗೆ ಒಂದು ಡಬ್ಬಿ ಸಾಕು. ಇನ್ನೊಂದು ಗೊಂದಲ ಕೂಡ ಇದೆ. ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಇದೆಯಲ್ಲ, ಅದನ್ನೇ ಚೇಳಿಗೂ ಕೊಡಿ ಎಂದು ಜಗಳ ಮಾಡುವವರಿದ್ದಾರೆ. ಹಾವಿನ ಪ್ರತಿವಿಷ ಚೇಳಿಗೆ ಕೆಲಸ ಮಾಡುವುದಿಲ್ಲ.

ಹಾಗಂತ ಈ ಬರಹ ಓದಿ ಯಾರೂ ಮೆಡಿಕಲ್ ಶಾಪಿನಿಂದ ಪ್ರಜೋಸಿನ್ ತಂದು ಮನೆಯಲ್ಲಿ ನುಂಗಿಸಬೇಡಿ. ಅದು ಬಿಪಿಯನ್ನು ದಿಢೀರನೆ ಇಳಿಸಬಲ್ಲದು. ಎದ್ದು ನಿಂತರೆ ಬೀಳುವ ಅಪಾಯವಿದೆ. ತೂಕ ನೋಡಿ ಪ್ರಮಾಣ ಹಾಕಬೇಕು, ರೋಗಿಯನ್ನು ಮಲಗಿಸಿಯೇ ಇಡಬೇಕು, ಬಿಪಿ ನೋಡುತ್ತಾ ಕೆಲವು ಗಂಟೆಗೊಮ್ಮೆ ಮತ್ತೆ ಕೊಡಬೇಕು. ಬೆವರು, ವಾಂತಿಯಲ್ಲಿ ನೀರು ಹೋಗಿದ್ದರೆ ಅದನ್ನೂ ಸರಿದೂಗಿಸಬೇಕು. ದಿನಕ್ಕೊಂದು ನುಂಗುವ, ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಪ್ರಜೋಸಿನ್ ಕೂಡ ಇದೆ, ಅದು ಈ ತುರ್ತಿಗೆ ಆಗುವುದಿಲ್ಲ. ಇದೆಲ್ಲ ವೈದ್ಯರ, ನರ್ಸುಗಳ ಕೆಲಸ. ನಮ್ಮ ಕೆಲಸ ರೋಗಿಯನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಿಸುವುದು, ಮತ್ತು ಮಾತ್ರೆ ಅಲ್ಲಿ ಇರುವ ಹಾಗೆ ನೋಡಿಕೊಳ್ಳುವುದು.

ಹೊತ್ತಿಗೆ ಸರಿಯಾಗಿ ಅಂದಾಗ ಮಂತ್ರದ ಮಾತು ಬಂದೇ ಬರುತ್ತದೆ. ಚೇಳು ಇಳಿಸುವವರು ಇಲ್ಲದ ಊರು ಕಡಿಮೆ. ಬೇವಿನ ಸೊಪ್ಪಿನಿಂದ ನೀವುತ್ತಾರೆ, ಉತ್ತರಾಣಿ ಬೇರು ತೇಯುತ್ತಾರೆ, ಹುಣಸೆ ಬೀಜ ಉಜ್ಜಿ ಅಂಟಿಸುತ್ತಾರೆ. ಇವರಲ್ಲಿ ಎಷ್ಟೋ ಜನ ಒಂದು ಪೈಸೆ ಮುಟ್ಟುವುದಿಲ್ಲ, ಮಧ್ಯರಾತ್ರಿ ಬಾಗಿಲು ಬಡಿದರೂ ಎದ್ದು ಬರುತ್ತಾರೆ. ಅವರನ್ನು ಕಳ್ಳರು ಎಂದು ಬರೆಯಲು ನಮಗೆ ಮನಸ್ಸಿಲ್ಲ. ಆದರೆ ಒಂದು ಲೆಕ್ಕ ನೋಡಿ. ಕುಟುಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಬರೀ ನೋವು. ಆ ನೋವು ಏನೂ ಮಾಡದಿದ್ದರೂ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಹತ್ತು ಜನಕ್ಕೆ ಮಂತ್ರ ಹಾಕಿದರೆ ಒಂಬತ್ತು ಜನಕ್ಕೆ ಇಳಿದೇ ಇಳಿಯಿತು, ಹೆಸರು ಮಂತ್ರಕ್ಕೆ ಬಂತು. ಹತ್ತನೆಯದು ಕೆಂಪು ಚೇಳಿನ ಪೂರಾ ವಿಷ ಬಿದ್ದ ಮಗು. ಅದಕ್ಕೆ ಉಳಿದಿದ್ದ ಸಮಯ ಅಂಗಳದಲ್ಲಿ ಕಳೆಯಿತು. ಹೆಸರು ವಿಧಿಗೆ ಬಂತು.

ನಮ್ಮ ಸಲಹೆ ಜಗಳದ್ದಲ್ಲ. ಮಂತ್ರ ಬೇಕೇ ಬೇಕು ಅನ್ನುವವರು ಗಾಡಿ ಹತ್ತಿದ ಮೇಲೆ ಹಾಕಿಸಿಕೊಳ್ಳಿ. ಇಳಿಸುವವರಿಗೂ ಒಂದು ವಿನಂತಿ. ವಾಂತಿ, ಬೆವರು, ತಣ್ಣನೆ ಕೈಕಾಲು, ಇವುಗಳಲ್ಲಿ ಒಂದು ಕಂಡರೂ ನೀವೇ ಮುಂದೆ ನಿಂತು ಆಸ್ಪತ್ರೆಗೆ ಕಳಿಸಿ. ನಿಮ್ಮ ಮಾತನ್ನು ಊರು ನಮ್ಮದಕ್ಕಿಂತ ಹೆಚ್ಚು ಕೇಳುತ್ತದೆ.

ಚೇಳಿನ ಜೊತೆ ನಮ್ಮ ನಾಡಿನ ಸಂಬಂಧ ಬರೀ ಭಯದ್ದೂ ಅಲ್ಲ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಪೂಜೆ ನಡೆಯುತ್ತದೆ. ಯಾದಗಿರಿ ಜಿಲ್ಲೆ ಗುರುಮಠಕಲ್ ತಾಲ್ಲೂಕಿನ ಕಂದಕೂರಿನಲ್ಲಿ ನಾಗರ ಪಂಚಮಿಯಂದು ಎಲ್ಲರೂ ನಾಗಪ್ಪನಿಗೆ ಹಾಲೆರೆಯುವ ಹೊತ್ತಿಗೆ ಜನ ಕೊಂಡಮ್ಮಾಯಿ ಬೆಟ್ಟ ಹತ್ತಿ, ಕಲ್ಲು ಎತ್ತಿ ಚೇಳು ಹುಡುಕಿ ಕೈಮೇಲೆ, ಮುಖದ ಮೇಲೆ ಹರಿಬಿಟ್ಟುಕೊಳ್ಳುತ್ತಾರೆ. ಅಂದು ಅದು ಕುಟುಕುವುದಿಲ್ಲ, ಕುಟುಕಿದರೂ ಏನೂ ಆಗುವುದಿಲ್ಲ ಎಂಬುದು ಅವರ ನಂಬಿಕೆ. ಪ್ರತಿ ವರ್ಷ ಟಿವಿಯವರು ಕ್ಯಾಮೆರಾ ಹೊತ್ತು ಹೋಗಿ ಪವಾಡ ಎಂದೋ ಮೌಢ್ಯ ಎಂದೋ ಕೂಗಿ ಬರುತ್ತಾರೆ. ನಮಗೆ ಎರಡೂ ಬೇಡ. ಮುಳ್ಳು ಚುಚ್ಚಿದವನ ಕಾಲಲ್ಲಿ ಮುಳ್ಳಿನೊಡನೆ ಸಲಿಗೆ ಬೆಳೆಯುತ್ತದೆ. ದಿನಾ ಕಲ್ಲಿನ ನಡುವೆ ಬದುಕುವವರು ವರ್ಷಕ್ಕೊಮ್ಮೆ ಚೇಳಿನೊಂದಿಗೆ ಆಡುವುದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ಆದರೆ ಮಕ್ಕಳೂ ಹತ್ತುವ ಆ ಬೆಟ್ಟದ ಬುಡದಲ್ಲಿ ಅಂದು ಒಂದು ಆಂಬುಲೆನ್ಸ್, ಒಬ್ಬ ವೈದ್ಯ, ಒಂದು ಡಬ್ಬಿ ಪ್ರಜೋಸಿನ್ ಇರಲಿ ಎಂದು ಕೇಳುವುದು ದೇವಿಗೆ ಅವಮಾನವಂತೂ ಅಲ್ಲ.

ಕ್ಯಾನ್ಸರಿನ ಮಾತನ್ನೂ ಪೂರ್ತಿ ಬಿಡಬಾರದು. ಅರಬ್ ದೇಶಗಳ, ಉತ್ತರ ಆಫ್ರಿಕಾದ ಮರಳುಗಾಡಿನ ಒಂದು ಹಳದಿ ಚೇಳಿನ ವಿಷದಲ್ಲಿ ಕ್ಲೋರೊಟಾಕ್ಸಿನ್ ಎಂಬ 36 ಅಮೈನೊ ಆಮ್ಲಗಳ ತುಣುಕು ಸಿಕ್ಕಿದೆ. ಅದು ಮಿದುಳಿನ ಒಂದು ಬಗೆಯ ಗೆಡ್ಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಜೋಡಿಸಿದರೆ, ಆಪರೇಷನ್ ಮಾಡುವಾಗ ಗೆಡ್ಡೆ ಎಲ್ಲಿಗೆ ಮುಗಿಯಿತು, ಒಳ್ಳೆಯ ಮಿದುಳು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಕಾಣುತ್ತದೆ. ಇದರ ಪರೀಕ್ಷೆ ರೋಗಿಗಳ ಮೇಲೂ ನಡೆದಿದೆ. ಇದು ಬಣ್ಣ ಹಚ್ಚಿ ಗುರುತು ತೋರಿಸುವ ಕೆಲಸ, ಚೇಳಿನ ವಿಷ ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಅರ್ಥ ಅಲ್ಲ. ನಮ್ಮದೇ ಕೆಂಪು ಚೇಳಿನ ವಿಷದಿಂದ 1990ರಲ್ಲಿ ಐಬಿರಿಯೊಟಾಕ್ಸಿನ್ ಎಂಬ 37 ಅಮೈನೊ ಆಮ್ಲಗಳ ತುಣುಕನ್ನು ಬೇರ್ಪಡಿಸಿದರು. ಪೊಟ್ಯಾಸಿಯಂ ಬಾಗಿಲುಗಳಲ್ಲಿ ಒಂದು ಬಗೆಯದನ್ನು ಮಾತ್ರ ಹುಡುಕಿ ಮುಚ್ಚುವ ಗುಣ ಅದಕ್ಕಿದೆ. ರಕ್ತನಾಳ, ಮೂತ್ರಕೋಶ, ನರಗಳ ಸಂಶೋಧನೆಯಲ್ಲಿ ಜಗತ್ತಿನ ಪ್ರಯೋಗಾಲಯಗಳು ಅದನ್ನು ಇಂದಿಗೂ ಬಳಸುತ್ತವೆ. ನಮ್ಮ ಬದುವಿನ ಚೇಳಿನ ಹೆಸರು ಪರದೇಶದ ಲ್ಯಾಬಿನವರಿಗೆ ಗೊತ್ತು. ಅದರ ಮದ್ದಿನ ಹೆಸರು ಮಾತ್ರ ಆ ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತವರಿಗೆ ಗೊತ್ತಿಲ್ಲ.

ಸರ್ಕಾರಕ್ಕೆ ನಾವು ಕೇಳುವುದು ದೊಡ್ಡದೇನಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಆದೇಶಿಸಿತು, ದೇಶದಲ್ಲೇ ಮೊದಲು. ಒಳ್ಳೆಯ ಕೆಲಸ. ಚೇಳಿನ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು ಇರಲಿ. ಎಲ್ಲಿ, ಯಾವ ತಿಂಗಳು, ಎಷ್ಟು ಜನ ಎಂದು ಲೆಕ್ಕ ಸಿಕ್ಕರೆ ಮಾತ್ರೆ ಎಲ್ಲಿಗೆ ಹೆಚ್ಚು ಕಳಿಸಬೇಕು ಎಂದು ತಿಳಿಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನರನ್ನು ಚೇಳು ಕುಟುಕುತ್ತದೆ, ಮೂರು ಸಾವಿರಕ್ಕೂ ಹೆಚ್ಚು ಸಾಯುತ್ತಾರೆ ಎಂಬ ಅಂದಾಜಿದೆ. ಅದರಲ್ಲಿ ನಮ್ಮ ತಾಲ್ಲೂಕಿನ ಪಾಲೆಷ್ಟು ಎಂದು ಹೇಳುವ ಪುಸ್ತಕ ನಮ್ಮ ತಾಲ್ಲೂಕಿನಲ್ಲೇ ಇರಬೇಕು. ಹೊಸದಾಗಿ ಹಳ್ಳಿಗೆ ಬರುವ ಯುವ ವೈದ್ಯರಿಗೆ ಅರ್ಧ ದಿನ ಇದರ ತರಬೇತಿ ಕೊಡಲಿ. ಅಟ್ರೋಪಿನ್ ಕೊಟ್ಟರೆ ಮೊದಲ ಅಲೆಯ ಬೆವರು ನಿಂತ ಹಾಗೆ ಕಂಡರೂ ಎರಡನೇ ಅಲೆ ಹೆಚ್ಚಾಗಬಹುದು ಎಂಬಂಥ ಸೂಕ್ಷ್ಮಗಳು ಇದರಲ್ಲಿವೆ.

ಓದುಗರಿಗೆ ಕೆಲವು ಮಾತು. ಕುಟುಕಿದರೆ ಕೊಯ್ಯಬೇಡಿ, ಸುಡಬೇಡಿ, ಹಗ್ಗ ಬಿಗಿಯಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಮಲಗಿಸಿ, ನಡೆಸಬೇಡಿ, 108ಕ್ಕೆ ಕರೆ ಮಾಡಿ. ಮಗುವಾದರೆ ಲಕ್ಷಣಕ್ಕೆ ಕಾಯದೆ ಹೊರಡಿ. ಚಪ್ಪಲಿ ಕೊಡವಿ ಹಾಕಿಕೊಳ್ಳುವುದು, ಮಂಚ ಗೋಡೆಗೆ ತಾಗದಂತೆ ಇಡುವುದು ಅಜ್ಜ ಅಜ್ಜಿಯರೇ ಹೇಳಿಕೊಟ್ಟದ್ದು. ಒಂದು ಹೊಸದು ಸೇರಿಸುತ್ತೇವೆ: ಖೋಟಾ ನೋಟು ನೋಡುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ಬರುತ್ತದಲ್ಲ, ಕತ್ತಲಲ್ಲಿ ಅದನ್ನು ಬಿಟ್ಟರೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ. ಹಿತ್ತಲಿಗೆ ಹೋಗುವ ಮೊದಲು ಒಮ್ಮೆ ಬಿಟ್ಟು ನೋಡಿ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಯಾರಾದರೊಬ್ಬರು ಎದ್ದು ಕೇಳಿ: ನಮ್ಮ ಪಿಎಚ್‌ಸಿಯಲ್ಲಿ ಪ್ರಜೋಸಿನ್ ಇದೆಯಾ, ಅದರ ಎಕ್ಸ್‌ಪೈರಿ ಯಾವಾಗ, ರಾತ್ರಿ ಹೊತ್ತು ಆ ಬೀರುವಿನ ಕೀ ಯಾರ ಹತ್ತಿರ ಇರುತ್ತದೆ? ಸಿಕ್ಕ ಉತ್ತರವನ್ನು, ಊರಿನ ಹೆಸರಿನೊಂದಿಗೆ, ನಮಗೆ ಬರೆದು ಕಳಿಸಿ. ಇಲ್ಲ ಎಂದರೂ ಕಳಿಸಿ. ತಾಲ್ಲೂಕುವಾರು ಪಟ್ಟಿ ಮಾಡಿ ಇಲ್ಲೇ ಹಾಕುತ್ತೇವೆ.